ಹಳೇ ಲಿವರ್ ಕೋವಿಗೆ ಎಂಥ ಸೀಸದ ಗುಂಡು? ನನ್ನ ಮಾತು ಕೇಳಿ

(1/8)
ಫೋಟೋದಲ್ಲಿರೋದು ವಿಂಚೆಸ್ಟರ್ 94. ಕುದುರೆ ಸುತ್ತ ಇರೋ ಬಳೆಯಂಥ ಲಿವರನ್ನ ಕೆಳಗೆ ತಳ್ಳಿ ಮೇಲಕ್ಕೆ ಎಳೆದ್ರೆ ಖಾಲಿ ತೋಟಾ ಚಿಮ್ಮಿ ಹೊರಗೆ ಬೀಳುತ್ತೆ, ಹೊಸದು ನಳಿಗೆಗೆ ಬಂದು ಕೂರುತ್ತೆ. ಜಾನ್ ಬ್ರೌನಿಂಗ್ ಮಾಡಿದ ವಿನ್ಯಾಸ, 1894ರದ್ದು. ಮರುವರ್ಷ .30-30 ತೋಟಾ ಬಂತು. ಆಮೇಲೆ 70 ಲಕ್ಷಕ್ಕೂ ಹೆಚ್ಚು ಕೋವಿ ತಯಾರಾದವು. ಈ ಕಡೆ ಕಾಡುಗಳಲ್ಲಿ ಬಿಳಿಬಾಲದ ಜಿಂಕೆ ಬೇಟೆ ಅಂದ್ರೆ ಇದೇ ಕೋವಿ ಅನ್ನೋ ಕಾಲ ಇತ್ತು. ಇದು ನನ್ನದಲ್ಲ, ನಾವಿರೋ ವಿಸ್ಕಾನ್ಸಿನ್ ಊರಿನ ಹೈನುಗಾರ ಅಜ್ಜ ಒಬ್ಬರದು.

ಮೊದಲೇ ಹೇಳಿಬಿಡ್ತೀನಿ. ಊರಲ್ಲಿರೋ ತಮ್ಮ ತಂಗಿಯರು ಯಾರೂ ಇದನ್ನ ಓದಿ ಹುರುಪು ಮಾಡ್ಕೋಬೇಡಿ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ನಮ್ಮಲ್ಲಿ ಶಿಕಾರಿ ಅಪರಾಧ. ಕೊಡಗಿನಲ್ಲಿ ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ ನಡೆಯುತ್ತೆ ನಿಜ, ಆದರೆ ಅದು ಕಾಡಿಗೆ ನುಗ್ಗೋಕೆ ಪರವಾನಗಿ ಅಲ್ಲ. ನಾನು ಬರೀತಿರೋದು ಇಲ್ಲಿನ ಸೀಸನ್ನು, ಇಲ್ಲಿನ ಲೈಸೆನ್ಸು, ಇಲ್ಲಿನ ನಿಯಮದ ಒಳಗಿನ ಮಾತು. 1973ರ ಜನವರಿ 1ರಿಂದೀಚೆಗೆ ಹುಟ್ಟಿದೋರು ವಿಸ್ಕಾನ್ಸಿನ್‌ನಲ್ಲಿ ಬೇಟೆ ಸುರಕ್ಷತೆ ಕೋರ್ಸ್ ಮುಗಿಸದೆ ಲೈಸೆನ್ಸೇ ಸಿಗಲ್ಲ. ನಮ್ಮ ಕ್ಲಾಸಿನ ಅರ್ಧ ಜನ ಆ ಕೋರ್ಸಿನಲ್ಲೇ ಪರಿಚಯ ಆದೋರು.

(2/8)
ಹೋದ ಸಲ ಎರಕದ ಅಚ್ಚಿನ ಫೋಟೋ ಹಾಕಿದಾಗ ಹೆಚ್ಚಿನೋರು ಕೇಳಿದ್ದು ಒಂದೇ ಪ್ರಶ್ನೆ: "ಗುಂಡು ಎಷ್ಟು ಗಟ್ಟಿ ಇದ್ರೆ ಒಳ್ಳೇದು?" ಪ್ರಶ್ನೆಯೇ ತಲೆಕೆಳಗಾಗಿದೆ ಅನ್ನೋದು ನನ್ನ ಅಭಿಪ್ರಾಯ. ಗಟ್ಟಿತನಕ್ಕಿಂತ ಮುಂಚೆ ನೋಡಬೇಕಾದ್ದು ಎರಡಿವೆ. ನಳಿಗೆಗೆ ಗುಂಡು ಸರಿಯಾಗಿ ಕೂರುತ್ತಾ? ಅದರ ಮೂತಿ ಚಪ್ಪಟೆ ಇದೆಯಾ? ಈ ಎರಡೂ ಆದಮೇಲೆ ಗಟ್ಟಿತನ. ಆಗಲೂ ಜಾಸ್ತಿ ಗಟ್ಟಿ ಬೇಡ.

ಅಂಗಡಿಯಲ್ಲಿ ಎರಕದ ಗುಂಡಿನ ಡಬ್ಬಿ ಮೇಲೆ 'ಗಟ್ಟಿ ಎರಕ' ಅಂತ ದೊಡ್ಡದಾಗಿ ಬರೆದಿರ್ತಾರೆ. ಗಟ್ಟಿಯಾದ ಗುಂಡು ಡಬ್ಬಿಯಲ್ಲಿ ಒಂದಕ್ಕೊಂದು ಬಡಿದ್ರೂ ನಜ್ಜಾಗಲ್ಲ, ಸಾಗಾಟಕ್ಕೆ ಸುಲಭ. ಮಾರೋರಿಗೆ ಆಗೋ ಅನುಕೂಲ ಅದು. ಜಿಂಕೆಗೂ ಅದಕ್ಕೂ ಸಂಬಂಧ ಇಲ್ಲ.

(3/8)
ಮೂತಿಯ ವಿಷಯ ಬೇಗ ಮುಗಿಸ್ತೀನಿ, ಯಾಕಂದ್ರೆ ಇಲ್ಲಿ ಚರ್ಚೆಗೆ ಜಾಗವೇ ಇಲ್ಲ. ಈ ಕೋವಿಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ರೈಲು ಡಬ್ಬಿ ಥರ ಒಂದರ ಹಿಂದೆ ಒಂದು ಮಲಗಿರ್ತವೆ. ಹಿಂದಿನ ತೋಟಾದ ಮೂತಿ ಮುಂದಿನ ತೋಟಾದ ಕೇಪಿಗೆ ತಾಗಿಕೊಂಡೇ ಇರುತ್ತೆ. ಚೂಪು ಮೂತಿ ಇದ್ರೆ ಈಡು ಹಾರಿದಾಗಿನ ಒದೆತಕ್ಕೆ ಅದೇ ಮೊಳೆ ಥರ ಕೇಪನ್ನ ಕುಟ್ಟಬಹುದು, ಕೊಳವೆಯೊಳಗೇ ತೋಟಾ ಸಿಡಿಯಬಹುದು. ಎಡಗೈ ಇರೋದು ಅಲ್ಲೇ ಪಕ್ಕದಲ್ಲಿ. ಅದಕ್ಕೇ ಚಪ್ಪಟೆ ಮೂತಿ.

ಹಾಗೇ, ಗುಂಡಿನ ಮೈಮೇಲೆ ತೋಟಾದ ಬಾಯಿ ಒತ್ತಿ ಹಿಡಿಯೋಕೆ ಒಂದು ಗಾಡಿ ಇರಬೇಕು. ಇಲ್ಲದಿದ್ರೆ ಕೊಳವೆಯ ಸ್ಪ್ರಿಂಗಿನ ಒತ್ತಡಕ್ಕೆ ಗುಂಡು ಹಿತ್ತಾಳೆಯೊಳಗೆ ಜಾರಿಬಿಡುತ್ತೆ. ಲೈಮನ್‌ನ 311041 ಅಚ್ಚು ನೋಡಿ: ಸುಮಾರು 170 ಗ್ರೇನ್ ತೂಕ, ಅಂದ್ರೆ 11 ಗ್ರಾಂ, ಚಪ್ಪಟೆ ಮೂತಿ, ಒತ್ತೋ ಗಾಡಿ, ಬುಡಕ್ಕೆ ತಾಮ್ರದ ಬಟ್ಟಲು ಕೂರಿಸೋ ಜಾಗ. ಈ ಕೋವಿಗೇ ಹೇಳಿ ಮಾಡಿಸಿದ ಹಾಗಿದೆ. ಕಡಿಮೆ ಖರ್ಚಲ್ಲಿ ಆಗಬೇಕು ಅನ್ನೋರಿಗೆ ಲೀ ಕಂಪನಿಯ 170 ಗ್ರೇನ್ ಚಪ್ಪಟೆ ಮೂತಿಯ ಅಚ್ಚೂ ಸಾಕು.

ಮೂತಿ ಚಪ್ಪಟೆ ಇರೋದ್ರಿಂದ ಇನ್ನೊಂದು ಲಾಭ ಇದೆ. ಸೀಸ ಹಿಗ್ಗದೇ ಹೋದ್ರೂ ಅಗಲ ಮೂತಿ ದುಂಡು ಮೂತಿಗಿಂತ ಹೆಚ್ಚು ಗಾಯ ಮಾಡುತ್ತೆ. ಪ್ರಾಣಿ ಬೇಗ ಬೀಳುತ್ತೆ. ಬೇಟೆಯಲ್ಲಿ ನನಗೆ ಮುಖ್ಯ ಅನ್ಸೋದು ಇದೊಂದೇ.

(4/8)
ಈಗ ಅಳತೆ. ಈ ಫೋಟೋದಲ್ಲಿ ಪುಟ್ಟ ಸೀಸದ ತುಂಡಿನ ಮೇಲೆ ಗೀರು ಕಾಣ್ತಿದೆಯಲ್ಲ, ಅದು ನಳಿಗೆಯ ಗುರುತು. ಕೋವಿ ಖಾಲಿ ಇದೆ ಅಂತ ಎರಡು ಸಲ ನೋಡಿ, ಎಣ್ಣೆ ಸವರಿದ ಮೆತ್ತನೆ ಶುದ್ಧ ಸೀಸದ ತುಂಡನ್ನ ಕೋಲಿನಿಂದ ನಿಧಾನ ತಳ್ಳಿ ಹೊರಗೆ ತೆಗೆದು, ಮೈಕ್ರೋಮೀಟರ್‌ನಲ್ಲಿ ಅಳೀಬೇಕು. ಪುಸ್ತಕದಲ್ಲಿ .308 ಇಂಚು ಅಂತ ಇರುತ್ತೆ. ಹಳೇ ಕೋವಿ ಪುಸ್ತಕ ಓದಿರಲ್ಲ! .309, .310, ಒಮ್ಮೊಮ್ಮೆ ಅದಕ್ಕೂ ಮೇಲೆ ಬರುತ್ತೆ. ಬಂದ ಅಳತೆಗಿಂತ ಇಂಚಿನ ಸಾವಿರದ ಒಂದು ಅಥವಾ ಎರಡು ಭಾಗ ದಪ್ಪ ಇರೋ ಗುಂಡು ಬೇಕು.

ದಪ್ಪ ಕಮ್ಮಿ ಆದ್ರೆ ಏನಾಗುತ್ತೆ? ಮದ್ದಿನ ಬಿಸಿ ಗಾಳಿ ಗುಂಡಿನ ಪಕ್ಕದಿಂದ ನುಗ್ಗಿ ಸೀಸವನ್ನ ಕೊರೆದು ನಳಿಗೆಯೊಳಗೆ ಬಳಿಯುತ್ತೆ. ನಾಲ್ಕು ಈಡಿಗೆ ಗುರಿ ಕೆಡುತ್ತೆ. ಆಗ ಎಲ್ಲರೂ "ಸೀಸ ಮೆತ್ತಗಾಯ್ತು, ಇನ್ನೂ ಗಟ್ಟಿ ಮಾಡು" ಅಂತಾರೆ. ಗಟ್ಟಿ ಮಾಡಿದ್ರೆ ಮತ್ತೂ ಕೆಡಬಹುದು. ಸ್ವಲ್ಪ ಮೆತ್ತಗಿರೋ ಗುಂಡು ಒತ್ತಡಕ್ಕೆ ಉಬ್ಬಿ ಸಂದಿ ಮುಚ್ಚುತ್ತೆ, ಗಟ್ಟಿದು ಉಬ್ಬಲ್ಲ. ಅಂಗಿ ಬಿಗಿ ಆಯ್ತು ಅಂತ ಬಟ್ಟೆ ಬದಲಾಯಿಸಿದ್ರೆ ಆಗುತ್ತಾ? ಅಳತೆ ಬದಲಾಯಿಸಬೇಕು.

ಮಾರ್ಲಿನ್ 336 ಇರೋರಿಗೆ ಒಂದು ಮಾತು. 1950ರ ದಶಕದಿಂದ ಅವರು ಹಾಕಿದ ಮೈಕ್ರೋಗ್ರೂವ್ ನಳಿಗೆಯಲ್ಲಿ ಗೀರುಗಳು ಜಾಸ್ತಿ, ಆಳ ಕಮ್ಮಿ. "ಅದರಲ್ಲಿ ಎರಕದ ಗುಂಡು ನಡೆಯೋದೇ ಇಲ್ಲ" ಅಂತ ದೊಡ್ಡೋರು ಆಣೆ ಇಟ್ಟು ಹೇಳ್ತಾರೆ. ದಪ್ಪ ಸರಿ ಮಾಡಿದ್ರೆ, ಬುಡಕ್ಕೆ ತಾಮ್ರದ ಬಟ್ಟಲು ಹಾಕಿದ್ರೆ, ವೇಗ ಹದದಲ್ಲಿ ಇಟ್ರೆ ಚೆನ್ನಾಗೇ ನಡೆಯುತ್ತೆ. ಹಾಂ, ಮುಂಚೆ ತಾಮ್ರದ ಹೊದಿಕೆಯ ಗುಂಡು ಹೊಡೆದಿದ್ರೆ ಆ ತಾಮ್ರದ ಕಲೆ ಪೂರ್ತಿ ತೊಳೆದೇ ಸೀಸಕ್ಕೆ ಇಳೀರಿ.

(5/8)
ಕೊನೆಗೆ ಗಟ್ಟಿತನ. ಬ್ರಿನೆಲ್ ಅಂಕಿಯಲ್ಲಿ ಹೇಳೋದಾದ್ರೆ ಶುದ್ಧ ಸೀಸ ಸುಮಾರು 5. ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರ ಸೇರಿಸಿದ್ರೆ 10ರ ಆಸುಪಾಸು. ಕಾರಿನ ಚಕ್ರಕ್ಕೆ ಸಿಕ್ಕಿಸ್ತಿದ್ದ ಹಳೇ ಸೀಸದ ತೂಕದ ತುಂಡು 12. ಲೈಮನ್ ನಂಬರ್ 2 ಮಿಶ್ರಣ, ಅಂದ್ರೆ ನೂರಕ್ಕೆ 90 ಸೀಸ, 5 ತವರ, 5 ಆಂಟಿಮನಿ, ಅದು 15. ಪತ್ರಿಕೆ ಅಚ್ಚು ಹಾಕೋಕೆ ಬಳಸ್ತಿದ್ದ ಲೈನೋಟೈಪ್ ಲೋಹ 22ರ ಹತ್ತಿರ. ನಮ್ಮೂರ ಹಳೇ ಪ್ರೆಸ್ಸುಗಳಲ್ಲಿ ಮದುವೆ ಕರೆಯೋಲೆಗೆ ಜೋಡಿಸ್ತಿದ್ದ ಅಚ್ಚುಮೊಳೆ ಕೂಡ ಇದೇ ಮೂರು ಲೋಹದ ಕುಟುಂಬದ್ದು.

ಜಿಂಕೆಗೆ ಲೈನೋಟೈಪ್ ಬೇಡ. ಆಂಟಿಮನಿ ಗಟ್ಟಿ ಮಾಡುತ್ತೆ, ಜೊತೆಗೆ ಪೆಡಸು ಮಾಡುತ್ತೆ. ಮಾಂಸದಲ್ಲಿ ಹೋದ್ರೆ ಹಿಗ್ಗದೆ ಸೂಜಿಯ ಹಾಗೆ ಆಚೆ ಬರುತ್ತೆ, ಮೂಳೆಗೆ ಬಿದ್ರೆ ಒಡೆದು ಚೂರಾಗಬಹುದು. ಸೂಜಿಯಂಥ ತೂತು ಬಿದ್ದ ಜಿಂಕೆ ಓಡುತ್ತೆ. ನವೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲಾಗೋ ಈ ಊರಲ್ಲಿ ರಕ್ತದ ಗುರುತೂ ಸರಿಯಾಗಿ ಸಿಗದೆ ಟಾರ್ಚ್ ಹಿಡಿದು ಜೌಗಿನಲ್ಲಿ ಹುಡುಕೋದು ಯಾರಿಗೂ ಬೇಡ. ಜಿಂಕೆಗಂತೂ ಬೇಡವೇ ಬೇಡ. ಹಿಗ್ಗದ ಗುಂಡಿನಿಂದ ಜಿಂಕೆ ಹೊಡೆಯೋದು ಹಲವು ರಾಜ್ಯಗಳಲ್ಲಿ ಕಾನೂನುಬಾಹಿರವೂ ಹೌದು, ನಿಮ್ಮ ರಾಜ್ಯದ ಕೈಪಿಡಿ ಓದಿಕೊಳ್ಳಿ.

ತವರ ಬೇರೆ ಥರ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕ್ತಿದ್ರಲ್ಲ, ಅದೇ ತವರ. ಸ್ವಲ್ಪ ಸೇರಿಸಿದ್ರೆ ಸೀಸ ಅಚ್ಚಿನ ಮೂಲೆ ಮೂಲೆಗೂ ಹರಿಯುತ್ತೆ, ಗುಂಡು ಒಡೆಯದೆ ಬಾಗಿ ಹಿಗ್ಗುತ್ತೆ. ನನ್ನ ಆಯ್ಕೆ 10ರಿಂದ 12. ಬುಡಕ್ಕೆ ತಾಮ್ರದ ಬಟ್ಟಲು. ವೇಗ ಸೆಕೆಂಡಿಗೆ 1,700ರಿಂದ 1,900 ಅಡಿ. ಕಂಪನಿ ತೋಟಾ 2,200 ಅಡಿ ಹೋಗುತ್ತೆ ಅಂತ ಅದನ್ನ ಬೆನ್ನಟ್ಟಬೇಡಿ. ಮದ್ದಿನ ತೂಕ ನಾನು ಇಲ್ಲಿ ಬರೆಯಲ್ಲ, ಕೇಳಲೂ ಬೇಡಿ. ಛಾಪಿಸಿದ ಕೈಪಿಡಿ ನೋಡಿ, ಕೆಳಗಿನ ಅಂಕಿಯಿಂದ ಶುರು ಮಾಡಿ.

ಗಟ್ಟಿತನ ಅಳೆಯೋ ಯಂತ್ರ ಇಲ್ಲದೋರು ಡ್ರಾಯಿಂಗ್ ಪೆನ್ಸಿಲ್ ಸೆಟ್ ತಗೊಳ್ಳಿ. ಮೆತ್ತನೆಯದರಿಂದ ಶುರು ಮಾಡಿ ಸೀಸದ ಮೇಲೆ ತಳ್ತಾ ಹೋಗಿ. ಯಾವ ಪೆನ್ಸಿಲ್ ಜಾರದೆ ಸೀಸವನ್ನ ಕೆತ್ತುತ್ತೋ ಅದು ನಿಮ್ಮ ಅಂದಾಜು. ಗೊತ್ತಿರೋ ಮಿಶ್ರಣದ ತುಂಡೊಂದನ್ನ ಪಕ್ಕದಲ್ಲಿಟ್ಟು ಹೋಲಿಸಿದ್ರೆ ಇನ್ನೂ ಒಳ್ಳೇದು.

(.38-55, .45-70 ಕೋವಿಯೋರು ಇಷ್ಟು ತಲೆ ಕೆಡಿಸ್ಕೋಬೇಕಿಲ್ಲ. ಅವು ಹುಟ್ಟುತ್ತಲೇ ಅಗಲ. ಆದ್ರೆ ಕಪ್ಪುಮದ್ದಿನ ಕಾಲದ ನಳಿಗೆ ಆಗಿದ್ರೆ ಬಂದೂಕು ರಿಪೇರಿ ಮಾಡೋರಿಗೆ ತೋರಿಸದೆ ಈಗಿನ ಮದ್ದು ಮುಟ್ಟಲೇಬೇಡಿ.)

(6/8)
ದೂರ. ತೆರೆದ ಕಬ್ಬಿಣದ ಗುರಿ, ನಿಧಾನ ಹೋಗೋ ಸೀಸದ ಗುಂಡು, ನಮ್ಮಂಥ ಹೊಸ ಕೈ. ನೂರು ಗಜ, ಅಷ್ಟೇ. ನೂರು ಗಜದಲ್ಲಿ ಊಟದ ತಟ್ಟೆಗೆ ಐದಕ್ಕೆ ಐದೂ ಬೀಳದಿದ್ರೆ ಐವತ್ತು ಗಜ. "ನಮ್ಮ ಮಾವ ಇನ್ನೂರೈವತ್ತು ಗಜದಲ್ಲಿ ಹೊಡೆದ್ರು" ಅಂತ ಕಥೆ ಹೇಳೋ ಗೆಳೆಯರು ಓಡಿಹೋದ ಜಿಂಕೆಗಳ ಕಥೆ ಹೇಳಲ್ಲ.

(7/8)
ಈಗ ನನಗೆ ಕಷ್ಟದ ಭಾಗ. ಸೀಸ ವಿಷ. ಇದನ್ನ ಮುಚ್ಚಿಟ್ಟು ಎರಕದ ಚಂದ ಹೊಗಳೋದು ನನಗೆ ಸರಿ ಕಾಣಲ್ಲ.

ಕ್ಯಾಲಿಫೋರ್ನಿಯಾದ ಕಾಂಡರ್ ರಣಹದ್ದು 1982ರ ಹೊತ್ತಿಗೆ ಜಗತ್ತಲ್ಲೇ 22 ಉಳಿದಿತ್ತು. ಹಿಡಿದು ಸಾಕಿ, ಮರಿ ಮಾಡಿಸಿ ಮತ್ತೆ ಕಾಡಿಗೆ ಬಿಟ್ರು. ಬಿಟ್ಟ ಹಕ್ಕಿಗಳನ್ನ ಹೆಚ್ಚಾಗಿ ಕೊಲ್ತಿರೋದು ಸೀಸ. ಬೇಟೆಗಾರ ಕಾಡಲ್ಲಿ ಬಿಟ್ಟುಹೋದ ಕರುಳು, ಅದರೊಳಗಿನ ಸೀಸದ ಚೂರು, ಅದನ್ನ ತಿಂದ ಹದ್ದು. ನಮ್ಮ ದೇಶದ ರಣಹದ್ದುಗಳ ಕಥೆ ಗೊತ್ತಿರೋರಿಗೆ ಇದು ಹೊಸದಲ್ಲ. ದನಕ್ಕೆ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನದ ಮಾಂಸದಿಂದ ಹದ್ದಿಗೆ ಹೋಗಿ ಆಕಾಶವೇ ಖಾಲಿಯಾಯ್ತು, 2006ರಲ್ಲಿ ಪಶುಗಳಿಗೆ ಆ ಔಷಧಿ ನಿಷೇಧ ಆಯ್ತು. ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಿ ಕೇಳಿ, ಹದ್ದು ಉಳಿಸೋ ಕಷ್ಟ ಹೇಳ್ತಾರೆ.

ಕ್ಯಾಲಿಫೋರ್ನಿಯಾ 2013ರಲ್ಲಿ ಕಾನೂನು ಮಾಡಿ, 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸದ ಗುಂಡು ನಿಲ್ಲಿಸ್ತು. ಅಲ್ಲಿರೋ ಗೆಳೆಯರೇ, ಮೇಲೆ ಬರೆದ ಅರ್ಧ ನಿಮಗೆ ಬರೀ ಓದೋಕೆ. .30-30ಗೂ ತಾಮ್ರದ ಗುಂಡು ಸಿಗುತ್ತೆ, ಅದನ್ನೇ ತಗೊಳ್ಳಿ, ಗೊಣಗಬೇಡಿ.

"ಎರಕದ ಗುಂಡು ನಿಧಾನ ಹೋಗುತ್ತೆ, ಚೂರಾಗಲ್ಲ, ಅದ್ರಿಂದ ಅಪಾಯ ಇಲ್ಲ" ಅನ್ನೋ ವಾದ ಇದೆ. ಮೊದಲರ್ಧ ಬಹುಪಾಲು ನಿಜ. ವೇಗವಾಗಿ ಹೋಗೋ ಹೊದಿಕೆ ಗುಂಡು ಒಡೆದು ಧೂಳಿನಂಥ ಚೂರುಗಳಾಗಿ ಹರಡೋ ಹಾಗೆ ಇದು ಹರಡಲ್ಲ. ಕಡಿಮೆ ಅಂದ್ರೆ ಸೊನ್ನೆ ಅಂತಲ್ಲ. 2008ರಲ್ಲಿ ನಾರ್ತ್ ಡಕೋಟದಲ್ಲಿ ಬಡವರಿಗೆ ಹಂಚೋಕೆ ದಾನ ಕೊಟ್ಟ ಜಿಂಕೆ ಮಾಂಸದಲ್ಲಿ ಸೀಸದ ಚೂರು ಸಿಕ್ಕಿ, ಅದನ್ನ ಹಂಚಬೇಡಿ ಅಂತ ಆರೋಗ್ಯ ಇಲಾಖೆ ಹೇಳಬೇಕಾಯ್ತು. ಸೀಸದಲ್ಲಿ ಹೊಡೆಯೋರು ಗಾಯದ ಸುತ್ತ ಧಾರಾಳವಾಗಿ ಕೊಯ್ದು ಬಿಸಾಡಿ, ಪುಟ್ಟ ಮಕ್ಕಳಿಗೂ ಬಸುರಿಯರಿಗೂ ಆ ಮಾಂಸ ಕೊಡಬೇಡಿ, ಕರುಳನ್ನ ಗುಂಡಿ ತೋಡಿ ಹೂಳಿ. ಹೆಪ್ಪುಗಟ್ಟಿದ ನೆಲ ಅಗೆಯೋದು ಕಷ್ಟ ಅನ್ನೋರು ಚೀಲದಲ್ಲಿ ಹೊತ್ತುಕೊಂಡು ಬನ್ನಿ. ಅದೂ ಆಗಲ್ಲ ಅನ್ನೋರು ತಾಮ್ರ ಹಾಕಿ.

(8/8)
ಎರಕ ಹೊಯ್ಯೋ ಜಾಗದ ಬಗ್ಗೆ ಅಮ್ಮಂದಿರ ಪರವಾಗಿ ಎರಡು ಸಾಲು. ಅಡುಗೆಮನೆಯಲ್ಲಿ ಬೇಡ, ಅಡುಗೆ ಪಾತ್ರೆಯಲ್ಲಂತೂ ಬೇಡ. ಬಾಗಿಲು ತೆರೆದ ಗ್ಯಾರೇಜು ಅಥವಾ ಹೊರಗೆ. ಕುದಿಯೋ ಸೀಸಕ್ಕೆ ಒಂದು ಹನಿ ನೀರು ಬಿದ್ರೆ ಮೈಮೇಲೆ ಎರಚುತ್ತೆ, ಕನ್ನಡಕ, ಕೈಗವಸು, ಉದ್ದ ತೋಳು ಕಡ್ಡಾಯ. ಹೊಯ್ತಾ ಚಿಪ್ಸ್ ತಿನ್ನೋದು ನಿಲ್ಲಿಸಿ, ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೀರಿ, ಆ ಬಟ್ಟೆ ಬೇರೆ ಒಗೀರಿ.

ಚಕ್ರದ ತೂಕ ಈಗ ಬಹಳಷ್ಟು ಸತುವಿನದು ಬರ್ತಿದೆ. ಸೀಸ ಕರಗೋದು 327 ಡಿಗ್ರಿಗೆ, ಸತು 419ಕ್ಕೆ. ಮಡಕೆಯ ಶಾಖ ಅದರ ಕೆಳಗೇ ಇಟ್ರೆ ಸತುವಿನ ತುಂಡುಗಳು ಕರಗದೆ ಮೇಲೆ ತೇಲ್ತವೆ, ಎತ್ತಿ ಆಚೆ ಹಾಕಿ. ಸತು ಸೇರಿದ ಸೀಸ ಅಚ್ಚಿಗೆ ಸರಿಯಾಗಿ ಇಳಿಯಲ್ಲ.

ಮುಂದಿನ ಸೆಟ್‌ನಲ್ಲಿ ಅಜ್ಜನ ಮಾರ್ಲಿನ್ ನಳಿಗೆ ಅಳತೆ ಹಾಕ್ತೀನಿ. ನಿಮ್ಮ ಕೋವಿಯದು ಎಷ್ಟು ಬಂತು ಬರೆದು ಕಳಿಸಿ, ಯಾವ ವರ್ಷದ ಕೋವಿ ಅನ್ನೋದನ್ನೂ ಸೇರಿಸಿ.

#ಲಿವರ್‌ಕೋವಿ #ಎರಕದಗುಂಡು #ವಿಸ್ಕಾನ್ಸಿನ್‌ಕನ್ನಡಿಗರು