ಮೊದಲ ವರ್ಷದ ಉಸಿರು

ಇಳಕಲ್ ಸೀರೆಯ ಮಗ್ಗಗಳ ಸೀಮೆಯಲ್ಲಿರುವ ಗುಡೂರಿನ ನೇಕಾರನಿಗೆ ಒಂದು ಮಾತನ್ನು ಯಾರೂ ಕಲಿಸಬೇಕಾಗಿಲ್ಲ: ಹಾಸಿನ ಎಳೆ ಆರಂಭದಲ್ಲಿ ಸಡಿಲವಾದರೆ ಆ ಕೊರತೆ ನೆಯ್ಗೆಯ ಉದ್ದಕ್ಕೂ ತೋರುತ್ತದೆ. ಮನುಷ್ಯನ ಶ್ವಾಸಕೋಶದ ವಿಷಯದಲ್ಲಿಯೂ ಈ ಮಾತು ಬಹುಮಟ್ಟಿಗೆ ಸತ್ಯವಾದುದು.

ಕೂಸಿಗೆ ನೆಗಡಿ ಬರುವುದು, ಹೋಗುವುದು ಸಹಜ. ಆದರೆ ಸೋಂಕು ಎದೆಗಿಳಿದು ನ್ಯುಮೋನಿಯವಾದರೆ, ಜ್ವರ ಬಿಟ್ಟ ಮಾತ್ರಕ್ಕೆ ಲೆಕ್ಕ ತೀರಿತೆನ್ನುವಂತಿಲ್ಲ. ಶಿಶುವಿನ ಶ್ವಾಸಕೋಶವು ದೊಡ್ಡವರದರ ಚಿಕ್ಕ ಪ್ರತಿಯಲ್ಲ. ಅದು ಇನ್ನೂ ಕಟ್ಟುತ್ತಿರುವ ಮನೆ. ಪ್ರಾಣವಾಯುವನ್ನು ರಕ್ತಕ್ಕೊಪ್ಪಿಸುವ ಸೂಕ್ಷ್ಮ ಗಾಳಿಗೂಡುಗಳಲ್ಲಿ ಬಹುಪಾಲು ಹುಟ್ಟಿದ ಮೇಲೆಯೇ, ಅದರಲ್ಲಿಯೂ ಮೊದಲ ೨-೩ ವರ್ಷಗಳಲ್ಲಿ, ರೂಪುಗೊಳ್ಳುತ್ತವೆ. ಆಗ ಬಿದ್ದ ಪೆಟ್ಟು ಗುರುತನ್ನು ಉಳಿಸಬಲ್ಲದು.

ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರಿನಲ್ಲಿ ೧೯೧೧ರಿಂದ ದಾದಿಯರು ಮನೆಮನೆಗೆ ಹೋಗಿ ಶಿಶುಗಳ ತೂಕವನ್ನೂ ಕಾಯಿಲೆಗಳನ್ನೂ ದಫ್ತರದಲ್ಲಿ ಬರೆದಿಟ್ಟರು. ಡೇವಿಡ್ ಬಾರ್ಕರ್ ಮತ್ತು ಅವರ ಸಂಗಡಿಗರು ಅದೇ ಶಿಶುಗಳನ್ನು ಇಳಿವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿ, ೧೯೯೧ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲ ವರ್ಷದಲ್ಲಿ ಬ್ರಾಂಕೈಟಿಸ್ ಅಥವಾ ನ್ಯುಮೋನಿಯ ಬಂದಿದ್ದವರ ಉಸಿರಿನ ಬಲ, ಧೂಮಪಾನದ ಲೆಕ್ಕವನ್ನು ಕಳೆದ ಮೇಲೆಯೂ, ಉಳಿದವರಿಗಿಂತ ಕಡಿಮೆಯಾಗಿತ್ತು. ಬ್ರಿಟನ್ನಿನಲ್ಲಿ ೧೯೪೬ರಲ್ಲಿ ಹುಟ್ಟಿದವರ ಅಧ್ಯಯನವೊಂದು ೨೦೨೩ರಲ್ಲಿ ಹೊರಬಂದಿತು. ಎರಡು ವರ್ಷ ತುಂಬುವ ಮೊದಲೇ ಎದೆಯ ಸೋಂಕಿಗೆ ತುತ್ತಾದವರು ಮುಂದೆ ಶ್ವಾಸರೋಗದಿಂದ ಅಕಾಲಮರಣ ಹೊಂದುವ ಸಂಭವ ಸುಮಾರು ಇಮ್ಮಡಿಯೆಂದು ಅದು ತೋರಿಸಿತು.

ನಮ್ಮ ಮೈಸೂರಿನಲ್ಲಿಯೂ ಇಂಥ ದಫ್ತರವೊಂದುಂಟು. ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ೧೯೩೪ರಿಂದೀಚಿನ ಜನನ ದಾಖಲೆಗಳನ್ನು ಹಿಡಿದು ನಡೆಸಿದ ಶೋಧನೆ, ಹುಟ್ಟಿದಾಗ ತೂಕ ಕಡಿಮೆಯಿದ್ದವರ ಉಸಿರಿನ ಶಕ್ತಿ ಪ್ರಾಯದಲ್ಲಿಯೂ ಕಡಿಮೆಯೆಂದು ೧೯೯೭ರಲ್ಲಿ ತಿಳಿಸಿತು. ಬಸುರಿಯ ಊಟದಲ್ಲಿಯೇ ಕೂಸಿನ ಉಸಿರಿನ ಪಾಲಿದೆಯೆಂದಾಯಿತು.

ಇನ್ನು ಮನೆಯೊಳಗಿನ ಸಂಗತಿ. ಕೂಸಿಗೆ ಎರೆದು, ಲೋಬಾನದ ಹೊಗೆ ಹಿಡಿದು, ಕಿಟಕಿ ಮುಚ್ಚಿ ಮಲಗಿಸುವುದು ಉತ್ತರ ಕರ್ನಾಟಕದ ಬಾಣಂತಿಯ ಕೋಣೆಗಳಲ್ಲಿ ನಡೆದುಬಂದ ಪದ್ಧತಿ. ಅದರ ಹಿಂದಿರುವುದು ಅಕ್ಕರೆಯೇ. ಆದರೆ ಹೊಗೆಗೆ ಅಕ್ಕರೆ ತಿಳಿಯದು. ಸೌದೆಯ ಒಲೆಯ ಹೊಗೆಯೂ ಅಷ್ಟೇ, ಬೀಡಿಯದೂ ಅಷ್ಟೇ. ಎರಡು ತಿಂಗಳ ಒಳಗಿನ ಕೂಸು ನಿಮಿಷಕ್ಕೆ ೬೦ ಬಾರಿ, ಒಂದು ವರ್ಷದೊಳಗಿನದು ೫೦ ಬಾರಿ ಅಥವಾ ಅದಕ್ಕೂ ಹೆಚ್ಚಾಗಿ ಉಸಿರಾಡಿದರೆ, ಎದೆಯ ಕೆಳಭಾಗ ಒಳಕ್ಕೆ ಸೆಳೆದರೆ, ಹಾಲು ಕುಡಿಯದೆ ಹೋದರೆ, ಬರೆ ಹಾಕಿಸುತ್ತ ಕಾಲ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ನ್ಯುಮೋಕಾಕಸ್ ರೋಗಾಣುವಿನ ವಿರುದ್ಧದ ಲಸಿಕೆಯು ೨೦೨೧ರಿಂದ ದೇಶದೆಲ್ಲೆಡೆ ಸರಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಸೇರಿದೆ. ೬ ಮತ್ತು ೧೪ ವಾರಕ್ಕೆ, ೯ ತಿಂಗಳಿಗೆ, ಹೀಗೆ ಮೂರು ಸಲ. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು.

ಸೋಂಕು ತಗುಲಿದ ಮಕ್ಕಳೆಲ್ಲರೂ ರೋಗಿಷ್ಠರಾಗುವರೆಂದು ಇದರ ಅರ್ಥವಲ್ಲ. ಅನೇಕರು ಚೆನ್ನಾಗಿ ಬೆಳೆಯುತ್ತಾರೆ. ಆದರೆ ಅಂಥ ಮಗು ಬೆಳೆದು ಮಗ್ಗದ ಮುಂದೆಯೋ ಕಲ್ಲುಗಣಿಯ ಧೂಳಿನಲ್ಲಿಯೋ ದುಡಿಯುವ ಮುನ್ನ, ಅದರ ಎದೆ ಒಮ್ಮೆ ನೊಂದಿತ್ತೆಂಬುದನ್ನು ಮನೆಯವರು ನೆನಪಿನಲ್ಲಿಡುವುದು ಒಳ್ಳೆಯದು.