ಸೊನ್ನೆಗೂ ಚಪ್ಪಾಳೆ

ಮಕ್ಕಳೇ, ಪರೀಕ್ಷೆಯಲ್ಲಿ ಸೊನ್ನೆ ಬಂದರೆ ಮನೆಯಲ್ಲಿ ಏನಾಗುತ್ತದೆ ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಬ್ಯಾಟ್ಸ್‌ಮನ್ ಸೊನ್ನೆಗೆ ಔಟಾದರೆ ತಲೆ ತಗ್ಗಿಸಿಕೊಂಡು ಬರುತ್ತಾನೆ. ಪಾಸ್‌ಬುಕ್ಕಿನ ಕೊನೆಯ ಸಾಲಿನಲ್ಲಿ ಸೊನ್ನೆ ಕಂಡರೆ ಅಪ್ಪನ ಮುಖ ಸಣ್ಣದಾಗುತ್ತದೆ. ಆದರೆ ಕ್ರಿಕೆಟ್ಟಿನ ಸ್ಕೋರು ಪುಸ್ತಕದಲ್ಲಿ ಒಂದು ಸಣ್ಣ ಕಾಲಂ ಇದೆ. ಅಲ್ಲಿ ಸೊನ್ನೆ ಇದ್ದರೆ ಒಬ್ಬ ಆಟಗಾರ ಬೆವರು ಸುರಿಸಿದ್ದಾನೆ ಎಂದೇ ಅರ್ಥ. ಆ ಕಾಲಂನ ಹೆಸರು ‘ಬೈ’.

ಬೈ ಅಂದರೆ ಬೈಯುವುದಲ್ಲ. ಬೈಗುಳವೂ ಅದರ ಹಿಂದೆಯೇ ಬರುತ್ತದೆ, ಅದು ಬೇರೆ ಮಾತು! ಬೌಲರ್ ಎಸೆದ ಚೆಂಡು ಬ್ಯಾಟಿಗೂ ತಾಗದೆ, ಬ್ಯಾಟ್ಸ್‌ಮನ್ ಮೈಗೂ ತಾಗದೆ, ವಿಕೆಟ್ ಕೀಪರ್‌ನನ್ನೂ ದಾಟಿ ಹೋದಾಗ ಓಡಿ ತೆಗೆದುಕೊಳ್ಳುವ ರನ್ನಿಗೆ ಬೈ ಎನ್ನುತ್ತಾರೆ. ಕೀಪರ್ ಒಂದನ್ನೂ ಬಿಡದಿದ್ದರೆ ಆ ಕಾಲಂನಲ್ಲಿ ಸೊನ್ನೆ. 1981-82ರಲ್ಲಿ ಇಂಗ್ಲೆಂಡ್ ತಂಡ ಭಾರತಕ್ಕೆ ಬಂದಿದ್ದಾಗ ನಮ್ಮ ಕರ್ನಾಟಕದ ಕೀಪರ್ ಒಬ್ಬರು ಸತತ ಮೂರು ಟೆಸ್ಟ್ ಪಂದ್ಯಗಳಲ್ಲಿ ಒಂದೇ ಒಂದು ಬೈ ಕೊಡಲಿಲ್ಲ. ಅವರೇ ಸೈಯದ್ ಮುಜ್ತಬಾ ಹುಸೇನ್ ಕಿರ್ಮಾನಿ. ಗೆಳೆಯರ ಬಾಯಲ್ಲಿ ‘ಕಿರಿ’.

ಇದೇನು ದೊಡ್ಡದು ಎನ್ನಬೇಡಿ. ದಿನಕ್ಕೆ 80 ಓವರ್ ಎಂದು ಹಿಡಿಯೋಣ. ಓವರಿಗೆ 6 ಚೆಂಡು. 480 ಚೆಂಡು. ಪ್ರತಿ ಚೆಂಡಿಗೂ ಕೀಪರ್ ಕುಕ್ಕರಗಾಲಲ್ಲಿ ಕೂತು ಏಳಬೇಕು. ಮೇಷ್ಟ್ರು ಹತ್ತು ಬಸ್ಕಿ ಹೊಡೆಸಿದರೆ ನಿಮಗೆ ಕಾಲು ನಡುಗುತ್ತದೆ. ಅವರಿಗೆ ದಿನಕ್ಕೆ 480 ಬಸ್ಕಿ. ಅದೂ ಕಣ್ಣು ಮಿಟುಕಿಸದೆ.

ನಮ್ಮ ದೇವಸುಗೂರಿನಲ್ಲಿ ಬೆಳೆ ಕೊಯ್ದು ಹೊಲ ಖಾಲಿಯಾದರೆ ಸಾಕು, ಮೂರು ಕಟ್ಟಿಗೆ ನೆಟ್ಟು ಆಟ ಶುರುವಾಗುತ್ತದೆ. ಮೊನ್ನೆ ಆರನೇ ತರಗತಿಯ ಹುಡುಗನೊಬ್ಬ ಮುಖ ಊದಿಸಿಕೊಂಡು ಬಂದು ಕಟ್ಟೆಯ ಮೇಲೆ ಕೂತ. “ತಾತಾ, ನಾ ಸಣ್ಣಾವ ಅಂತ ನನಗ ಬ್ಯಾಟಿಂಗೇ ಕೊಡವಲ್ರು. ಬರೇ ಹಿಂದ ನಿಂದ್ರು ಅಂತಾರ” ಎಂದ. ಅವನಿಗೆ ಹೇಳಿದ ಕಥೆಯನ್ನೇ ಈ ವಾರ ನಿಮಗೂ ಹೇಳುತ್ತಿದ್ದೇನೆ. ಇದು ಹಿಂದೆ ನಿಂತವರ ಕಥೆ.

ಕಿರ್ಮಾನಿ ಹುಟ್ಟಿದ್ದು 1949ರ ಡಿಸೆಂಬರ್ 29ರಂದು, ಮದ್ರಾಸಿನಲ್ಲಿ. ಬೆಳೆದದ್ದು ಬೆಂಗಳೂರಿನಲ್ಲಿ. ಬೀದಿಯಲ್ಲಿ ಆಡುವ ಕಾಲಕ್ಕೆ ಕೀಪಿಂಗ್ ಗ್ಲೌಸ್ ಎಲ್ಲಿಂದ ಬರಬೇಕು? ಕೈಯಲ್ಲಿ ಇಟ್ಟಿಗೆ ಹಿಡಿದು ಚೆಂಡು ತಡೆಯುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಇಟ್ಟಿಗೆಯಿಂದ ಶುರುವಾದ ಕೀಪಿಂಗ್ ಅವರನ್ನು ಕರ್ನಾಟಕ ತಂಡಕ್ಕೆ ತಂದಿತು. ಹದಿನೈದು ವರ್ಷ ಸತತವಾಗಿ ರಣಜಿ ಟ್ರೋಫಿ ಗೆದ್ದಿದ್ದ ಬೊಂಬಾಯಿಯನ್ನು ಸೋಲಿಸಿ 1973-74ರಲ್ಲಿ ನಮ್ಮ ರಾಜ್ಯ ಮೊದಲ ಬಾರಿ ಆ ಟ್ರೋಫಿ ಗೆದ್ದಾಗ ವಿಕೆಟ್ಟಿನ ಹಿಂದೆ ಇದ್ದವರು ಅವರೇ.

ಭಾರತ ತಂಡದಲ್ಲಿ ಮಾತ್ರ ಕಾಯಬೇಕಾಯಿತು. 1971ರಲ್ಲಿ ಇಂಗ್ಲೆಂಡಿಗೆ ಹೋದರು, 1974ರಲ್ಲೂ ಹೋದರು. ಆದರೆ ಆಗ ಫಾರೂಕ್ ಎಂಜಿನಿಯರ್ ಎಂಬ ದೊಡ್ಡ ಕೀಪರ್ ಇದ್ದರು. ತಂಡದಲ್ಲಿ ಕೀಪರ್‌ಗೆ ಇರುವುದು ಒಂದೇ ಜಾಗ. ಬಸ್ಸಿನ ಡ್ರೈವರ್ ಸೀಟಿನ ಹಾಗೆ, ಅಲ್ಲಿ ಸ್ವಲ್ಪ ಸರಿದು ಕೂರಿ ಎನ್ನುವಂತಿಲ್ಲ. ಕೊನೆಗೆ 1976ರ ಜನವರಿಯಲ್ಲಿ, 26ನೇ ವಯಸ್ಸಿನಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಅವರ ಮೊದಲ ಟೆಸ್ಟ್. ಎರಡನೇ ಟೆಸ್ಟ್ ಕ್ರೈಸ್ಟ್‌ಚರ್ಚಿನಲ್ಲಿ. ಅಲ್ಲಿ ಒಂದೇ ಇನಿಂಗ್ಸಿನಲ್ಲಿ ಐದು ಕ್ಯಾಚು, ಒಂದು ಸ್ಟಂಪಿಂಗ್, ಒಟ್ಟು ಆರು ಮಂದಿ! ಆಗಿನ ವಿಶ್ವ ದಾಖಲೆಗೆ ಸಮ.

ವೇಗದ ಬೌಲರ್‌ಗೆ ಕೀಪರ್ ಹಿಂದೆ ಸರಿದು ನಿಲ್ಲಬಹುದು. ಸ್ಪಿನ್ ಬೌಲರ್‌ಗೆ ಸ್ಟಂಪಿನ ಬೆನ್ನಿಗೇ ನಿಲ್ಲಬೇಕು. ಬ್ಯಾಟ್ಸ್‌ಮನ್ ಮೈ ಅಡ್ಡ ಬಂದು ಚೆಂಡು ಅರ್ಧ ದಾರಿ ಕಾಣುವುದೇ ಇಲ್ಲ. ಕಿರ್ಮಾನಿ ಪಾಲಿಗೆ ಬಂದವರು ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್. ಇವರಲ್ಲಿ ನಮ್ಮ ಚಂದ್ರಶೇಖರ್ ಅವರ ಬಲಗೈ ಚಿಕ್ಕಂದಿನಲ್ಲಿ ಪೋಲಿಯೊದಿಂದ ಸೊರಗಿತ್ತು. ಅದೇ ಕೈಯಿಂದ ಅವರು ಎಸೆಯುತ್ತಿದ್ದ ಚೆಂಡು ಸ್ಪಿನ್ ಆದರೂ ಬಾಣದ ಹಾಗೆ ಬರುತ್ತಿತ್ತು. ಬ್ಯಾಟ್ಸ್‌ಮನ್ ಮೋಸ ಹೋದರೆ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಕೀಪರ್ ಮೋಸ ಹೋಗುವ ಹಾಗಿಲ್ಲ.

ಇಷ್ಟೆಲ್ಲ ಮಾಡಿದವರನ್ನು 1979ರಲ್ಲಿ ತಂಡದಿಂದ ಕೈಬಿಟ್ಟರು. ಆ ವರ್ಷದ ವಿಶ್ವಕಪ್ಪೂ ಇಲ್ಲ, ಇಂಗ್ಲೆಂಡ್ ಪ್ರವಾಸವೂ ಇಲ್ಲ. ಮಕ್ಕಳೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಒಬ್ಬ ಬ್ಯಾಟ್ಸ್‌ಮನ್ ತನ್ನ ಪರವಾಗಿ ವಾದಿಸಬೇಕಾದರೆ ಇಷ್ಟು ರನ್ ಹೊಡೆದಿದ್ದೇನೆ ಎಂದು ಕಾಗದ ತೋರಿಸಬಹುದು. ತಡೆದ ಚೆಂಡಿಗೆ ಕಾಗದ ಎಲ್ಲಿದೆ? ಬ್ಯಾಂಕಿನ ಲೆಡ್ಜರಿನಲ್ಲಿ ಜಮಾ ಕಾಲಂ ಇರುತ್ತದೆ, ಖರ್ಚಿನ ಕಾಲಂ ಇರುತ್ತದೆ. ಆಗದೆ ಹೋದ ನಷ್ಟವನ್ನು ಬರೆಯಲು ಕಾಲಂ ಇಲ್ಲ.

ಕಿರ್ಮಾನಿ ಕೆಲವೇ ತಿಂಗಳಲ್ಲಿ ತಂಡಕ್ಕೆ ಮರಳಿದರು. ಅದೇ ವರ್ಷ ಬೊಂಬಾಯಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್. ಸಂಜೆ ಹೊತ್ತು ಒಳ್ಳೆಯ ಬ್ಯಾಟ್ಸ್‌ಮನ್‌ನನ್ನು ಕಳೆದುಕೊಳ್ಳಬಾರದು ಎಂದು ಇನ್ನೊಬ್ಬರನ್ನು ಮುಂದೆ ಕಳಿಸುತ್ತಾರೆ. ಅವರಿಗೆ ‘ರಾತ್ರಿ ಕಾವಲುಗಾರ’ ಎಂದೇ ಹೆಸರು. ಅಂದು ಹಾಗೆ ಕಳಿಸಿದ್ದು ಕಿರ್ಮಾನಿಯವರನ್ನು. ರಾತ್ರಿ ಕಾಯಲು ಬಂದವರು ಹಗಲಲ್ಲೂ ಔಟಾಗಲಿಲ್ಲ. ಅಜೇಯ 101! ಮುಂದೆ ಪಾಕಿಸ್ತಾನ ವಿರುದ್ಧದ ಆರು ಟೆಸ್ಟ್‌ಗಳಲ್ಲಿ 17 ಕ್ಯಾಚು, 2 ಸ್ಟಂಪಿಂಗ್. 1982ರಲ್ಲಿ ಪದ್ಮಶ್ರೀ ಬಂತು.

ಹೀಗೆ ತಡೆಯುವುದನ್ನೇ ವಿದ್ಯೆ ಮಾಡಿಕೊಂಡವರು ಬೇರೆ ದೇಶದಲ್ಲೂ, ಬೇರೆ ಆಟದಲ್ಲೂ ಇದ್ದಾರೆ. ಅಮೆರಿಕದ ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದೂರದ ನೆಂಟ. ಅಲ್ಲಿ ಮೈದಾನದ ಮಧ್ಯೆ ಒಂದು ಚೌಕ, ಪ್ರತಿ ಬದಿ 90 ಅಡಿ. ಒಂದು ಮೂಲೆಯಲ್ಲಿ ಬ್ಯಾಟ್ ಹಿಡಿದವನು ನಿಲ್ಲುತ್ತಾನೆ. ಚೆಂಡು ಹೊಡೆದು ಬಲಗಡೆಯ ಮೊದಲ ಮೂಲೆಗೆ ಓಡಬೇಕು. ಎಡಗಡೆಯ ಮೂಲೆಯ ಹತ್ತಿರ ಕಾಯುವವನೇ ಥರ್ಡ್ ಬೇಸ್‌ಮನ್. ಬಲಗೈ ಆಟಗಾರರ ಬಿರುಸಿನ ಹೊಡೆತಗಳು ನೇರ ಅವನ ಕಡೆಗೇ ಬರುತ್ತವೆ. ಅವನು ಅದನ್ನು ತಡೆದು, ಹೊಡೆದವನು 90 ಅಡಿ ಓಡಿ ಮುಟ್ಟುವುದರೊಳಗೆ ಚೌಕದ ಆ ಕಡೆಯ ಮೂಲೆಗೆ ಚೆಂಡು ಎಸೆಯಬೇಕು. ಎಷ್ಟು ದೂರ? ಪೈಥಾಗೊರಸ್ ಪಾಠ ಆದವರು ಕರ್ಣದ ಲೆಕ್ಕ ಹಾಕಿ. ಸುಮಾರು 127 ಅಡಿ ಬರುತ್ತದೆ.

ಈ ಜಾಗದಲ್ಲಿ ಬ್ರೂಕ್ಸ್ ರಾಬಿನ್‌ಸನ್ ಎಂಬವರು 1955ರಿಂದ 1977ರವರೆಗೆ, ಬಾಲ್ಟಿಮೋರ್ ಓರಿಯೋಲ್ಸ್ ಎಂಬ ಒಂದೇ ತಂಡಕ್ಕೆ 23 ವರ್ಷ ಆಡಿದರು. ಓಟದಲ್ಲಿ ಅವರು ನಿಧಾನ. ಆದರೆ ಕೈ ಮಾತ್ರ ಚುರುಕು. ಬರೆಯುವುದು ಎಡಗೈಯಲ್ಲಿ, ಚೆಂಡು ಎಸೆಯುವುದು ಬಲಗೈಯಲ್ಲಿ. ಹಾಗಾಗಿ ಗ್ಲೌಸ್ ಹಾಕುವ ಎಡಗೈಯೇ ಅವರ ಬರೆಯುವ ಕೈ! ಅಲ್ಲಿ ಚೆನ್ನಾಗಿ ಕ್ಷೇತ್ರರಕ್ಷಣೆ ಮಾಡುವವರಿಗೆ ಪ್ರತಿ ವರ್ಷ ‘ಚಿನ್ನದ ಗ್ಲೌಸ್’ ಪ್ರಶಸ್ತಿ ಕೊಡುತ್ತಾರೆ. ಅದನ್ನು ರಾಬಿನ್‌ಸನ್ 1960ರಿಂದ 1975ರವರೆಗೆ ಸತತ 16 ವರ್ಷ ಪಡೆದರು.

ಅವರಿಗೂ ಕೆಟ್ಟ ದಿನಗಳು ಬಂದಿದ್ದವು. 1969ರ ವರ್ಲ್ಡ್ ಸೀರೀಸ್, ಅಂದರೆ ಅಲ್ಲಿನ ಫೈನಲ್ ಸರಣಿಯಲ್ಲಿ 19 ಸಲ ಬ್ಯಾಟ್ ಹಿಡಿದು ಒಂದೇ ಒಂದು ಸಲ ಸರಿಯಾಗಿ ಹೊಡೆದರು. ತಂಡ ಸೋತಿತು. ಮರುವರ್ಷ ಮತ್ತೆ ಫೈನಲ್. ತನ್ನ ಕಡೆ ಬಂದ ಮೊದಲ ಚೆಂಡಿನಲ್ಲೇ ತಪ್ಪಾಯಿತು. ಆದರೆ ಅದೇ ಪಂದ್ಯದಲ್ಲಿ ಲೀ ಮೇ ಎಂಬ ಬಲಶಾಲಿ ಹೊಡೆದ ಚೆಂಡು ಗೆರೆಯ ಗುಂಟ ನುಗ್ಗಿ ಬಂದಾಗ, ರಾಬಿನ್‌ಸನ್ ಕೈ ಹಿಂದಕ್ಕೆ ಚಾಚಿ ಹಿಡಿದರು. ಹಿಡಿದ ಭರಕ್ಕೆ ಗೆರೆಯಾಚೆ ಹೋಗಿದ್ದರು. ಅಲ್ಲಿಂದಲೇ ಗಿರಕಿ ಹೊಡೆದು ಎಸೆದರು. ಚೆಂಡು ಒಂದು ಪುಟ ಬಿದ್ದು ಮೊದಲ ಮೂಲೆ ತಲುಪಿತು. ಔಟ್! ಸರಣಿಯುದ್ದಕ್ಕೂ ಹೀಗೇ ತಡೆದರು. ಬ್ಯಾಟಿಂಗ್ ಕೂಡ ಕೈಹಿಡಿಯಿತು. ತಂಡ ಗೆದ್ದಿತು, ಸರಣಿಯ ಅತ್ಯುತ್ತಮ ಆಟಗಾರನ ಪ್ರಶಸ್ತಿ ಅವರಿಗೇ ಬಂತು. 1983ರಲ್ಲಿ ಅಮೆರಿಕದ ಬೇಸ್‌ಬಾಲ್ ಗೌರವ ಭವನದಲ್ಲಿ ಅವರ ಹೆಸರು ಸೇರಿತು.

ಅದೇ 1983ರಲ್ಲಿ ನಮ್ಮ ಕಿರ್ಮಾನಿ ಇಂಗ್ಲೆಂಡಿನಲ್ಲಿ ವಿಶ್ವಕಪ್ ಆಡುತ್ತಿದ್ದರು. ಜೂನ್ 11ರಂದು ಜಿಂಬಾಬ್ವೆ ವಿರುದ್ಧ ಐದು ಕ್ಯಾಚು. ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್ ಎಂಬ ಊರಿನಲ್ಲಿ ಮತ್ತೆ ಅದೇ ತಂಡದ ಎದುರು ಪಂದ್ಯ. ಈ ಪಂದ್ಯದ ಹೆಸರು ಹೇಳಿದರೆ ನಿಮ್ಮ ಅಜ್ಜಂದಿರು ಕಪಿಲ್ ದೇವ್ ಹೊಡೆದ ಅಜೇಯ 175ರ ಬಗ್ಗೆ ಒಂದು ಗಂಟೆ ಮಾತಾಡುತ್ತಾರೆ. ಮಾತಾಡಲಿ, ಅದು ಅಂಥ ಆಟವೇ. ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಆ ಆಟವನ್ನು ನೋಡೋಣವೆಂದರೆ ವಿಡಿಯೋ ಇಲ್ಲ. ಆದರೆ ಸ್ಕೋರು ಪುಸ್ತಕ ಇದೆ, ಬ್ಯಾಂಕಿನವನಿಗೆ ಅಷ್ಟು ಸಾಕು. 140 ರನ್ನಿಗೆ ಎಂಟನೇ ವಿಕೆಟ್ ಬಿದ್ದಾಗ ಕಿರ್ಮಾನಿ ಒಳಗೆ ಬಂದರು. ಓವರ್ ಮುಗಿದಾಗ ಭಾರತದ ಮೊತ್ತ 266. ಇಬ್ಬರೂ ಔಟಾಗಿರಲಿಲ್ಲ. 126 ರನ್ನಿನ ಜೊತೆಯಾಟದಲ್ಲಿ ಕಿರ್ಮಾನಿಯವರದು 24. ಅವರು ಔಟಾಗಿದ್ದರೆ? ಕಪಿಲ್ ಅವರ ಜೊತೆಗೆ ನಿಲ್ಲಲು ಉಳಿದಿದ್ದವರು ಒಬ್ಬರೇ. ಭಾರತ ಗೆದ್ದದ್ದು 31 ರನ್ನಿನಿಂದ.

ಜೂನ್ 25ರ ಫೈನಲ್‌ನಲ್ಲಿ ವೆಸ್ಟ್ ಇಂಡೀಸಿನ ಬ್ಯಾಕಸ್ ಆಡಿದ ಚೆಂಡು ನೆಲಕ್ಕೆ ತಾಗುವ ಮೊದಲು ಕಿರ್ಮಾನಿ ಹಾರಿ ಹಿಡಿದರು. ಭಾರತ ಕಪ್ ಗೆದ್ದಿತು. ವಿಶ್ವಕಪ್ಪಿನ ಅತ್ಯುತ್ತಮ ವಿಕೆಟ್ ಕೀಪರ್ ಪ್ರಶಸ್ತಿ ನಾಲ್ಕು ವರ್ಷದ ಹಿಂದೆ ತಂಡಕ್ಕೇ ಬೇಡವಾಗಿದ್ದ ಈ ಮನುಷ್ಯನಿಗೆ ಬಂತು.

ಅವರ ಕೊನೆಯ ಟೆಸ್ಟ್ 1986ರ ಜನವರಿಯಲ್ಲಿ ಸಿಡ್ನಿಯಲ್ಲಿ ನಡೆಯಿತು. ಒಟ್ಟು 88 ಟೆಸ್ಟ್, 160 ಕ್ಯಾಚು, 38 ಸ್ಟಂಪಿಂಗ್. ಕೂಡಿಸಿದರೆ 198. ಇನ್ನೂರಕ್ಕೆ ಎರಡೇ ಕಡಿಮೆ! ಇನ್ನೊಂದು ಪಂದ್ಯ ಸಿಕ್ಕಿದ್ದರೆ ಎಂದು ನಮಗೆ ಅನ್ನಿಸುತ್ತದೆ. ಸಿಗಲಿಲ್ಲ. ಆದರೂ ಮಹೇಂದ್ರ ಸಿಂಗ್ ಧೋನಿ ಬಂದು ದಾಟುವವರೆಗೆ, ಸುಮಾರು ಕಾಲು ಶತಮಾನ, ಭಾರತದ ಕೀಪರ್‌ಗಳಲ್ಲಿ ಆ 198ನ್ನು ಮುಟ್ಟಿದವರಿಲ್ಲ.

ನಾನು ಬ್ಯಾಂಕಿನಲ್ಲಿ ಇದ್ದಾಗ ಸಂಜೆ ಕ್ಯಾಶ್ ಟ್ಯಾಲಿ ಆದರೆ ಯಾರೂ ಏನೂ ಹೇಳುತ್ತಿರಲಿಲ್ಲ, ಚೀಲ ಹೆಗಲಿಗೆ ಹಾಕಿ ಮನೆಗೆ ಹೋಗುತ್ತಿದ್ದೆವು. ಹತ್ತು ರೂಪಾಯಿ ಹೆಚ್ಚುಕಡಿಮೆ ಬಂದರೆ ಮಾತ್ರ ಎಲ್ಲರೂ ಕೌಂಟರಿನ ಸುತ್ತ ಸೇರುತ್ತಿದ್ದರು. ನಮ್ಮೂರ ಮಗ್ಗುಲಲ್ಲೇ ಶಕ್ತಿನಗರದ ವಿದ್ಯುತ್ ಕೇಂದ್ರ ಇದೆ. ಅದರ ಚಿಮಣಿಗಳು ನಮಗೆ ಎಲ್ಲಿಂದಲೂ ಕಾಣುತ್ತವೆ. ರಾತ್ರಿ ಪಾಳಿಯಲ್ಲಿ ಅಲ್ಲಿ ಎಚ್ಚರ ಇರುವವರು ನಮ್ಮ ನೆನಪಿಗೆ ಬರುವುದು ಕರೆಂಟು ಹೋದಾಗ ಮಾತ್ರ. ಫ್ಯಾನು ತಿರುಗುತ್ತಿರುವಷ್ಟು ಹೊತ್ತು ನಾವು ನಿದ್ದೆಯಲ್ಲಿ ಇರುತ್ತೇವೆ. ತಡೆಯುವವರ ಪಾಡೇ ಇದು. ಸೋರುವ ಕೊಡಕ್ಕೆ ಎಷ್ಟು ನೀರು ಹೊಯ್ದರೂ ತುಂಬುವುದಿಲ್ಲ. ಹಾಗಾಗಿ ನೀರು ತರುವವರಷ್ಟೇ ಬೆಲೆ ತೂತು ಮುಚ್ಚುವವರಿಗೂ ಕೊಡಬೇಕು.

ಈ ವಾರ ನಿಮಗೊಂದು ಕೆಲಸ. ನಿಮ್ಮ ಓಣಿಯ ಆಟಕ್ಕೆ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಹೋಗಿ, ನೆರಳಲ್ಲಿ ಕೂರಿಸಿ, ಕೈಗೆ ಒಂದು ನೋಟ್‌ಬುಕ್ ಕೊಡಿ. ಪ್ರತಿ ಆಟಗಾರನ ಹೆಸರಿನ ಮುಂದೆ ಎರಡು ಕಾಲಂ ಹಾಕಲಿ, ‘ಹೊಡೆದದ್ದು’, ‘ಉಳಿಸಿದ್ದು’. ನಾಲ್ಕಕ್ಕೆ ಹೋಗುವ ಚೆಂಡನ್ನು ತಡೆದು ಒಂದೇ ರನ್ ಕೊಟ್ಟರೆ, ಉಳಿಸಿದ್ದು ಮೂರು. ಕೈಗೆ ಬಂದದ್ದನ್ನು ಬಿಟ್ಟು ಎರಡು ರನ್ ಕೊಟ್ಟರೆ ಅದೇ ಕಾಲಂನಲ್ಲಿ ಎರಡು ಕಳೆಯಿರಿ. ಒಬ್ಬ 12 ಹೊಡೆದು 5 ಬಿಟ್ಟಿದ್ದರೆ ಅವನ ಲೆಕ್ಕ 7. ಇನ್ನೊಬ್ಬ 2 ಹೊಡೆದು 9 ಉಳಿಸಿದ್ದರೆ ಅವನದು 11. ಯಾರು ಹೆಚ್ಚು? ಅಜ್ಜ-ಅಜ್ಜಿ ಕೆಳಗೆ ಸಹಿ ಹಾಕಿ, ಎಲ್ಲರ ಎದುರು ಗಟ್ಟಿಯಾಗಿ ಓದಲಿ.

ಕೊನೆಗೆ ಒಂದು ಕರಾರು. ಬೈ ಕಾಲಂನಲ್ಲಿ ಸೊನ್ನೆ ಇದ್ದರೆ, ಮರುದಿನದ ಆಟದಲ್ಲಿ ಮೊದಲ ಬ್ಯಾಟಿಂಗ್ ಕೀಪರ್‌ಗೇ!