ಉಡುಗೊರೆಯ ಕುಡುಗೋಲು ಯಾರ ಕೈಯ ಅಳತೆಗೆ?

ಮಹಾನವಮಿಯ ದಿನ ಮೈಸೂರಿನ ಅರಮನೆಯಲ್ಲಿ ಪಟ್ಟದ ಕತ್ತಿಗೆ, ಪಟ್ಟದ ಆನೆ ಕುದುರೆಗಳಿಗೆ, ವಾಹನಗಳಿಗೆ ಪೂಜೆ ಸಲ್ಲುತ್ತದೆ. ಅದೇ ದಿನ ನಗರದ ಬೀದಿಬೀದಿಗಳಲ್ಲಿ ಆಟೋ, ಲಾರಿ, ಲೇತ್ ಯಂತ್ರ, ತಕ್ಕಡಿ, ಗರಗಸಗಳು ಕುಂಕುಮ ಹಚ್ಚಿಸಿಕೊಂಡು ನಿಲ್ಲುತ್ತವೆ. ಅವುಗಳ ಮುಂದೆ ಬೂದುಗುಂಬಳ ಒಡೆಯುತ್ತದೆ. ದುಡಿಮೆಯ ಸಾಧನಕ್ಕೆ ಕೈಮುಗಿಯುವ ಈ ಸಂಪ್ರದಾಯ ದೊಡ್ಡದು. ಮನೆಯ ಈಳಿಗೆಮಣೆಗೂ ಮೂಲೆಯ ಕುಡುಗೋಲಿಗೂ ಅಂದು ಹೂವು ಸಲ್ಲುತ್ತದೆ ಎಂಬುದೂ ನಿಜ. ಆದರೆ ಸಾಲಾಗಿ ಇಟ್ಟ ಆ ಹತಾರಗಳಲ್ಲಿ ಎಷ್ಟನ್ನು ಮನೆಯ ಹೆಂಗಸು ತಾನೇ ಆರಿಸಿ, ತನ್ನ ಕೈಗೆ ಒಗ್ಗಿಸಿಕೊಂಡು, ತನ್ನದೆಂದು ಹೇಳಬಲ್ಲಳು? ಈ ಪ್ರಶ್ನೆಯನ್ನು ಕೇಳುವವರು ವಿರಳ.

ಹಬ್ಬದ ಅದೇ ದಿನಗಳಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನವನ್ನೂ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನವನ್ನೂ ನೋಡಲು ಹೆಗ್ಗಡದೇವನಕೋಟೆಯ ಕಾಡಂಚಿನಿಂದ, ಕೊಡಗಿನಿಂದ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಿಂದ ಜನ ಬರುತ್ತಾರೆ. ಮರಳುವಾಗ ಏನನ್ನಾದರೂ ಕೊಂಡೇ ಮರಳುತ್ತಾರೆ. ಮೈಸೂರಿನಲ್ಲಿಯೇ ಓದಿ, ಅಲ್ಲಿಯೇ ಕೆಲಸ ಹಿಡಿದು, ಮದುವೆಯ ಹೊಸತರಲ್ಲಿ ಬಾಡಿಗೆ ಮನೆಯ ತಾರಸಿಯನ್ನೋ ಊರಿನ ಹಿತ್ತಲನ್ನೋ ಹಸಿರಾಗಿಸಬೇಕೆಂದು ಬಯಸುವ ಯುವಕರೂ ಇದ್ದಾರೆ. ಬಾಳಸಂಗಾತಿಗೆ ಸೀರೆ ಒಡವೆಗಳ ಬದಲು ಬೇಸಾಯದ ಮೊದಲ ಹತಾರಗಳನ್ನು ಉಡುಗೊರೆಯಾಗಿ ಕೊಡಬೇಕೆಂಬ ಅವರ ಆಲೋಚನೆ ಮೆಚ್ಚತಕ್ಕದ್ದೇ. ಆಕ್ಷೇಪವಿರುವುದು ಆಲೋಚನೆಗಲ್ಲ, ಅಂಗಡಿಯಲ್ಲಿ ಅವರ ಕೈಗೆ ಬರುವ ವಸ್ತುವಿಗೆ, ಅದನ್ನು ಕೊಳ್ಳುವ ರೀತಿಗೆ.

ಆ ವಸ್ತು ಯಾವುದು? ಪಾರದರ್ಶಕ ಮುಚ್ಚಳದ ಒಂದು ಪೆಟ್ಟಿಗೆ. ಒಳಗೆ ಅಂಗೈಯಗಲದ ಸನಿಕೆ, ಮೂರು ಹಲ್ಲಿನ ಗೋರು, ಒಂದು ಕತ್ತರಿ, ತೆಳು ಕೈಚೀಲ. ಹಿಡಿ ಪ್ಲಾಸ್ಟಿಕ್ಕಿನದು, ಅದು ಹೆಂಗಸರಿಗೆಂದು ತೋರಿಸಲು ಅದಕ್ಕೆ ಗುಲಾಬಿ ಬಣ್ಣ. ಅಚ್ಚಿನಲ್ಲಿ ಒತ್ತಿದ ತೆಳು ತಗಡಿನ ಈ ಸನಿಕೆ ಕುಂಡದ ಸಡಿಲ ಮಣ್ಣಿಗೆ ಸಾಕು. ಮೈಸೂರು ಸೀಮೆಯ ಕೆಂಪು ಗರಸು ಮಣ್ಣಿಗೋ ಬೆಟ್ಟದ ಇಳಿಜಾರಿನ ಬೇರುತುಂಬಿದ ನೆಲಕ್ಕೋ ಇಳಿಸಿದರೆ ಕುತ್ತಿಗೆಯಲ್ಲಿ ಬಾಗುತ್ತದೆ. ಬಾಗಿದ್ದನ್ನು ಕಮ್ಮಾರ ಸರಿಪಡಿಸಲಾರ. ಮಸೆದರೆ ಅಲಗು ನಿಲ್ಲದು. ಒಡೆದ ಹಿಡಿಗೆ ಬದಲಿ ಇಲ್ಲ. ಒಂದು ಮಳೆಗಾಲ ಕಳೆಯುವುದರೊಳಗೆ ಅದು ಕಸದ ಗುಡ್ಡೆ ಸೇರುತ್ತದೆ. ಅದರೊಂದಿಗೆ, ಬೇಸಾಯ ತನ್ನಿಂದಾಗದ ಕೆಲಸ ಎಂಬ ತಪ್ಪು ಪಾಠವೂ ಆ ಹೆಣ್ಣುಮಗಳ ಮನಸ್ಸನ್ನು ಸೇರುತ್ತದೆ. ಸೋತದ್ದು ತಗಡು, ಸೋತವಳೆನಿಸಿಕೊಳ್ಳುವುದು ಆಕೆ.

ಇದನ್ನು ಬರಿಯ ಹಣದ ನಷ್ಟವೆಂದು ಮಲೆಯ ಜನ ತಳ್ಳಿಹಾಕುವಂತಿಲ್ಲ. ಕಬ್ಬಿಣದ ಬೆಲೆ ಏನೆಂಬುದನ್ನು ಅವರಷ್ಟು ಬಲ್ಲವರಿಲ್ಲ. 1923ರಲ್ಲಿ ಮೈಸೂರು ಸಂಸ್ಥಾನದ ಭದ್ರಾವತಿ ಕಾರ್ಖಾನೆ ಕಬ್ಬಿಣ ಕರಗಿಸತೊಡಗಿದಾಗ ಅದರ ಕುಲುಮೆಯಲ್ಲಿ ಉರಿದದ್ದು ಮಲೆನಾಡಿನ ಮರದ ಇದ್ದಿಲು; ಅದಿರು ಬಂದದ್ದು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ. ಕುದುರೆಮುಖದ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಲ್ಲುವ ಹೊತ್ತಿಗೆ ಭದ್ರೆಯ ನೀರು ಎಷ್ಟು ಹೂಳನ್ನು ಹೊತ್ತಿತ್ತೆಂಬುದನ್ನು ಕಂಡವರು ಇನ್ನೂ ಇದ್ದಾರೆ. ಬೆಟ್ಟವನ್ನು ಅಗೆದು ತೆಗೆದ ಲೋಹವನ್ನು ಒಂದೇ ಮಳೆಗಾಲದಲ್ಲಿ ಎಸೆಯುವ ವಸ್ತುವಾಗಿಸುವುದು ಬೆಟ್ಟಕ್ಕೆ ಮಾಡುವ ಎರಡನೆಯ ದ್ರೋಹ. ಇಪ್ಪತ್ತು ವರ್ಷ ಬಾಳುವ ಒಂದು ಕುಡುಗೋಲು ಯಾವ ಘೋಷಣೆಗಿಂತಲೂ ಹೆಚ್ಚು ಪರಿಸರವನ್ನು ಕಾಯುತ್ತದೆ.

ಪೆಟ್ಟಿಗೆಯ ಎರಡನೆಯ ಸುಳ್ಳು, ಹೆಂಗಸರ ಹತಾರವೆಂದರೆ ಗಂಡಸರ ಹತಾರದ ಕಿರಿದಾದ ಪಡಿಯಚ್ಚು ಎಂಬುದು. ಭಾರತದ ಹೆಂಗಸರ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್, ಗಂಡಸರದು ಸುಮಾರು 165. ಗಂಡಸಿನ ಎತ್ತರಕ್ಕೆಂದು ಹಾಕಿದ ಗುದ್ದಲಿಯ ಕಾವು ಆಕೆಯ ಭುಜವನ್ನು ಮೇಲೆಳೆಯುತ್ತದೆ. ಅದನ್ನೇ ಮನಬಂದಂತೆ ಮೊಟಕುಗೊಳಿಸಿದರೆ ಸೊಂಟವನ್ನು ಬಾಗಿಸುತ್ತದೆ. ದಪ್ಪ ಹಿಡಿಯ ಸುತ್ತ ಬೆರಳು ಕೂಡದಿದ್ದರೆ ಹಿಡಿತಕ್ಕಾಗಿಯೇ ಅರ್ಧ ಬಲ ವ್ಯಯವಾಗುತ್ತದೆ. ಹಿಡಿ ತೀರ ಸಣ್ಣದಾದರೆ ಅಂಗೈಯಲ್ಲಿ ತಿರುಗಿ ಬೊಕ್ಕೆ ಏಳಿಸುತ್ತದೆ. ಹೆಂಗಸಿಗೆ ಬೇಕಾದದ್ದು ಹಗುರವಾದ ಆಟಿಕೆಯಲ್ಲ, ಆಕೆಯ ದೇಹದ ಅಳತೆಗೆ ಮಾಡಿದ ಪೂರ್ಣಪ್ರಮಾಣದ ಹತಾರ.

ಈ ಜ್ಞಾನ ದೇಶದಲ್ಲಿ ಇಲ್ಲವೆಂದಲ್ಲ. ಭೋಪಾಲದ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯೂ ಭುವನೇಶ್ವರದ ಕೃಷಿ ಮಹಿಳೆಯರ ಕೇಂದ್ರೀಯ ಸಂಸ್ಥೆಯೂ ದುಡಿಯುವ ಹೆಂಗಸರ ದೇಹದ ಅಳತೆಗಳನ್ನು ಗಮನಿಸಿ ಸಲಕರಣೆಗಳ ಕೆಲಸ ಮಾಡಿವೆ. ಗರಗಸದ ಹಲ್ಲಿನ ‘ನವೀನ್’ ಕುಡುಗೋಲು, ಜೋಳದ ತೆನೆಯನ್ನು ತೂರಿಸಿ ಕಾಳು ಬಿಡಿಸುವ ಕೈಕೊಳವೆ, ನಿಂತೇ ತಳ್ಳುವ ಗಾಲಿಯ ಕಳೆಗುದ್ದಲಿ ಇವೆಲ್ಲ ಅಂಥ ಕೆಲಸದ ಫಲಗಳು. ಗ್ರಾಮೀಣ ಭಾರತದಲ್ಲಿ ದುಡಿಯುವ ಹೆಂಗಸರಲ್ಲಿ ನಾಲ್ವರಲ್ಲಿ ಮೂವರು ಕೃಷಿಯಲ್ಲಿದ್ದಾರೆ. ಆದರೂ ಅಂಗಡಿಯ ಮುಂಸಾಲಿನಲ್ಲಿ ಗುಲಾಬಿ ಪೆಟ್ಟಿಗೆ ಇರುತ್ತದೆಯೇ ಹೊರತು ಈ ಸಲಕರಣೆಗಳಲ್ಲ. ಕೇಳುವವರಿಲ್ಲವೆಂದು ವ್ಯಾಪಾರಿ ತರಿಸುವುದಿಲ್ಲ. ಕಾಣುವುದಿಲ್ಲವೆಂದು ಕೊಳ್ಳುವವರು ಕೇಳುವುದಿಲ್ಲ.

ಹಿಡಿಯ ಉದ್ದ ಕ್ಷುಲ್ಲಕ ಸಂಗತಿಯೆಂದು ನಗುವವರು ಅಮೆರಿಕದ ಕ್ಯಾಲಿಫೋರ್ನಿಯಾದ ಕೃಷಿಕೂಲಿಗಳ ಕತೆಯನ್ನು ತಿಳಿಯಬೇಕು. ಅಲ್ಲಿನ ದೊಡ್ಡ ಹೊಲಗಳಲ್ಲಿ ಮೆಕ್ಸಿಕೋ ಮೂಲದ ಕೂಲಿಗಳಿಗೆ ಮೊಳಕ್ಕೂ ಮೀರದ ಕಾವಿನ ಗುದ್ದಲಿ ಕೊಡಲಾಗುತ್ತಿತ್ತು. ದಿನವಿಡೀ ಬಾಗಿಯೇ ದುಡಿಯಬೇಕಿತ್ತು. ನೆಟ್ಟಗೆ ನಿಂತವನು ಕೆಲಸ ಬಿಟ್ಟವನೆಂದು ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿತ್ತು. ಬೆನ್ನು ಮುರಿದುಕೊಂಡವರ ಹೋರಾಟದ ಫಲವಾಗಿ 1975ರಲ್ಲಿ ಆ ಗುದ್ದಲಿ ನಿಷೇಧಕ್ಕೊಳಗಾಯಿತು. ಅಲ್ಲಿ ಕಾನೂನು ತಡೆದ ಬಾಗುವಿಕೆಯನ್ನು ಇಲ್ಲಿ ಹೆಂಗಸಿನ ಸಹಜ ಭಂಗಿಯೆಂದು ಒಪ್ಪಿಕೊಳ್ಳಲಾಗಿದೆ.

ಬೆಟ್ಟದ ನೆಲಕ್ಕೆ ಹತಾರದ ಆಯ್ಕೆ ಇನ್ನೂ ಗಂಭೀರವಾದುದು. ಇಳಿಜಾರಿನಲ್ಲಿ ಮಳೆಯ ಮುನ್ನ ಕಳೆಯನ್ನು ಬೇರುಸಹಿತ ಅಗೆದು ಹಾಕಿದರೆ ಮೇಲ್ಮಣ್ಣು ಮೊದಲ ಮಳೆಗೇ ಹಳ್ಳ ಸೇರುತ್ತದೆ. ಕುಡುಗೋಲಿನಿಂದ ನೆಲಮಟ್ಟಕ್ಕಿಂತ ತುಸು ಮೇಲೆ ಸವರಿದರೆ ಬೇರು ಮಣ್ಣನ್ನು ಹಿಡಿದಿರುತ್ತದೆ, ಸವರಿದ ಸೊಪ್ಪು ಹೊದಿಕೆಯಾಗುತ್ತದೆ. ಆದುದರಿಂದ ಬೆಟ್ಟದ ಹಿತ್ತಲಿನ ಮೊದಲ ಹತಾರ ಸನಿಕೆಯಲ್ಲ, ಕುಡುಗೋಲು. ಆ ಕುಡುಗೋಲು ಮೊಂಡಾಗಿ, ಹಿಡಿ ಸಡಿಲಾಗಿ, ಸವರುವವಳ ಮಣಿಕಟ್ಟು ನೋಯತೊಡಗಿದ ದಿನವೇ ಕಳೆನಾಶಕದ ಡಬ್ಬಿ ಮನೆಯೊಳಗೆ ಬರುತ್ತದೆ. ಗ್ಲೈಫೋಸೇಟನ್ನು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ಸಂಭವವುಳ್ಳ ವಸ್ತುಗಳ ಪಟ್ಟಿಗೆ ಸೇರಿಸಿತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಯನ್ನು ಪರವಾನಗಿಯುಳ್ಳ ಕೀಟನಿಯಂತ್ರಣದವರಿಗೆ ಸೀಮಿತಗೊಳಿಸುವ ಅಧಿಸೂಚನೆ ಹೊರಡಿಸಿತು. ಆದೇಶಗಳಿಗಿಂತ ಮೊದಲು ವಿಷವನ್ನು ಹೊಸಿಲಾಚೆ ನಿಲ್ಲಿಸಬಲ್ಲದ್ದು ಕೈಗೆ ಒಗ್ಗುವ, ಹರಿತವಾದ ಒಂದು ಅಲಗು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಹೆಂಡತಿಗೆ ಕುಡುಗೋಲು ಕೊಡುವುದೆಂದರೆ ಇನ್ನಷ್ಟು ದುಡಿಮೆಯನ್ನು ಉಡುಗೊರೆಯೆಂದು ಹೊರಿಸಿದಂತಲ್ಲವೇ? ಈ ಮಾತಿನಲ್ಲಿ ಸತ್ಯವಿದೆ. ಹತಾರ ಕೊಟ್ಟು ತಾನು ಜಗಲಿಯ ಮೇಲೆ ಕೂರುವ ಗಂಡ ಕೊಟ್ಟದ್ದು ಉಡುಗೊರೆಯಲ್ಲ, ಅಪ್ಪಣೆ. ಆದರೆ ಮಲೆಯ ಹಳ್ಳಿಗಳಲ್ಲಿ ಹೆಂಗಸು ಉಡುಗೊರೆಗೆ ಕಾದು ದುಡಿಮೆ ಆರಂಭಿಸಿದವಳಲ್ಲ. ಗಂಡ ಬಳಸಿ ಸವೆಸಿದ ಕತ್ತಿಯಲ್ಲಿ, ಮಾವನ ಕಾಲದ ಗುದ್ದಲಿಯಲ್ಲಿ, ಅತ್ತೆಯಿಂದ ಎರವಲು ಪಡೆದ ಕುಡುಗೋಲಿನಲ್ಲಿ ಆಕೆ ಈಗಾಗಲೇ ದುಡಿಯುತ್ತಿದ್ದಾಳೆ. ದುಡಿಯುವ ಕೈಗೆ ಅದರದೇ ಅಳತೆಯ ಸಾಧನ ಕೊಡುವುದು ಹೊರೆ ಹೊರಿಸುವುದಲ್ಲ; ಇರುವ ಹೊರೆಯನ್ನು ಒಪ್ಪಿಕೊಂಡು ಇಳಿಸುವುದು. ಒಂದೇ ಷರತ್ತು: ಕೊಟ್ಟವನ ಕೈಯಲ್ಲೂ ಇನ್ನೊಂದು ಕುಡುಗೋಲು ಇರಬೇಕು.

ಹೆಸರಿಗೆ ಮಾತ್ರ ಹೆಣ್ಣಿನದಾದ ಹತಾರ ಇನ್ನೊಂದಿದೆ. 2014-15ರಲ್ಲಿ ಆರಂಭವಾದ ಕೃಷಿ ಯಾಂತ್ರೀಕರಣದ ಕೇಂದ್ರ ಉಪ ಅಭಿಯಾನದಲ್ಲಿ ಇತರ ರೈತರಿಗೆ ಶೇ. 40ರ ಸಹಾಯಧನವಾದರೆ, ಮಹಿಳೆಯರಿಗೆ ಶೇ. 50ರವರೆಗೆ ಅವಕಾಶ ಇಡಲಾಯಿತು. ಉದ್ದೇಶ ಒಳ್ಳೆಯದು. ಆದರೆ ಹೆಚ್ಚಿನ ಸಹಾಯಧನಕ್ಕಾಗಿ ಹೆಂಡತಿಯ ಹೆಸರಿನಲ್ಲಿ ಅರ್ಜಿ ಹಾಕಿ, ಆಕೆ ಎತ್ತಲಾರದ ಕಳೆ ಕತ್ತರಿಸುವ ಯಂತ್ರವನ್ನು ತಂದು ತಾನೇ ಹೆಗಲಿಗೇರಿಸಿಕೊಳ್ಳುವುದು ಯಾವ ಹಳ್ಳಿಗೂ ಹೊಸತಲ್ಲ. ಸಹಿ ಆಕೆಯದು, ಸಾಧನ ಅವನದು. 2015-16ರ ಕೃಷಿ ಗಣತಿಯಂತೆ ದೇಶದ ಸಾಗುವಳಿ ಹಿಡುವಳಿದಾರರಲ್ಲಿ ಹೆಂಗಸರು ಶೇ. 14ರಷ್ಟು ಮಾತ್ರ. ಭೂಮಿಯೂ ಆಕೆಯದಲ್ಲ, ಯಂತ್ರವೂ ಆಕೆಯದಲ್ಲ. ಪೆಟ್ಟಿಗೆಯ ಗುಲಾಬಿ ಸನಿಕೆ ಮಾತ್ರ ಆಕೆಯದು ಎಂದರೆ ಅದಕ್ಕಿಂತ ದೊಡ್ಡ ಅಣಕ ಉಂಟೇ?

ಹಾಗಾದರೆ ಏನು ಕೊಡಬೇಕು? ಪೆಟ್ಟಿಗೆಯೊಳಗಿನ ಐದಾರು ತುಂಡುಗಳ ಬದಲು ಮೂರೇ ವಸ್ತು: ಒಂದು ಕುಡುಗೋಲು, ನಿಂತು ಬಳಸುವ ಒಂದು ಕಳೆಗುದ್ದಲಿ, ಒಂದು ಮಸೆಗಲ್ಲು. ಗುಟ್ಟಾಗಿ ಕೊಂಡು ಅಚ್ಚರಿಗೊಳಿಸುವ ಚಪಲ ಬಿಟ್ಟು, ಕೊಳ್ಳುವಾಗ ಸಂಗಾತಿಯನ್ನು ಜೊತೆಗೆ ಕರೆದೊಯ್ಯಬೇಕು. ಅಳತೆ ಇರುವುದು ಆಕೆಯ ಅಂಗೈಯಲ್ಲಿ, ಅಂಗಡಿಯವನ ಬಾಯಲ್ಲಿ ಅಲ್ಲ. ಹಿಡಿಯನ್ನು ಸುತ್ತಿ ಹಿಡಿದಾಗ ಹೆಬ್ಬೆರಳು ತೋರುಬೆರಳಿನ ತುದಿಯನ್ನು ಮುಟ್ಟಬೇಕು. ಗುದ್ದಲಿಯನ್ನು ನೆಲಕ್ಕಿಟ್ಟು ಎಳೆದು ನೋಡಿದಾಗ ಬೆನ್ನು ನೆಟ್ಟಗಿರಬೇಕು. ಆಕೆ ಎಡಗೈ ಬಳಸುವವಳಾದರೆ ಒಂದೇ ಮಗ್ಗುಲಿಗೆ ಹಲ್ಲು ಕಡೆದ ಕುಡುಗೋಲು ಹುಲ್ಲನ್ನು ಕೊಯ್ಯದೆ ಜಾರುತ್ತದೆ ಎಂಬುದನ್ನು ಮರೆಯಬಾರದು. ಹಲ್ಲಿನ ಕುಡುಗೋಲು ಪೈರು, ಹುಲ್ಲಿಗೆ ಸರಿ. ಕಟ್ಟಿಗೆಯಂಥ ಕಾಂಡದ ಲಂಟಾನಾ, ಕಮ್ಯುನಿಸ್ಟ್ ಗಿಡಗಳಿಗೆ ಮಸೆದ ಅಲಗಿನ ಕತ್ತಿಯೇ ಬೇಕು.

ಕಮ್ಮಾರನ ಕುಲುಮೆ ಇನ್ನೂ ಉರಿಯುವ ಊರಿನಲ್ಲಿ ಅಂಗಡಿಗೆ ಹೋಗುವ ಅಗತ್ಯವೇ ಇಲ್ಲ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ, ಬಡಿದು, ಹದ ಕೊಟ್ಟು ಆತ ಮಾಡುವ ಅಲಗು ತಗಡಿನಂತೆ ಬಾಗುವುದಿಲ್ಲ. ಅದಕ್ಕಾಗಿ ಹೊಸದಾಗಿ ಬೆಟ್ಟ ಅಗೆಯಬೇಕಿಲ್ಲ. ಸವೆದಾಗ ಮತ್ತೆ ಬಡಿಸಬಹುದು, ಕಾವು ಮುರಿದರೆ ಬೇಲಿಯ ಮರದಿಂದಲೇ ಇನ್ನೊಂದು ಹಾಕಬಹುದು. ಕುಲುಮೆಯವನ ಮುಂದೆ ಹೆಂಗಸು ತಾನೇ ನಿಂತು ‘ಇನ್ನಷ್ಟು ಬಾಗಿಸಿ, ಹಿಡಿ ಇಷ್ಟು ಸಾಕು’ ಎಂದು ಹೇಳುವ ವಾಡಿಕೆ ಬೆಳೆದರೆ ಹತಾರವೂ ಬದಲಾಗುತ್ತದೆ, ಹೇಳಿದವಳ ಸ್ಥಾನವೂ ಬದಲಾಗುತ್ತದೆ.

ಮೈಸೂರಿನ ದಸರೆಯಲ್ಲಿ ರೈತ ದಸರಾ ಇದೆ, ಮಹಿಳಾ ದಸರಾ ಇದೆ. ರೈತಳಿಗೆ ಮಾತ್ರ ಇವೆರಡರ ನಡುವೆ ಜಾಗವಿಲ್ಲ: ಒಂದರಲ್ಲಿ ಟ್ರ್ಯಾಕ್ಟರು, ಇನ್ನೊಂದರಲ್ಲಿ ರಂಗೋಲಿ. ಹೆಂಗಸರು ಕುಡುಗೋಲು ಗುದ್ದಲಿಗಳನ್ನು ಕೈಯಲ್ಲಿ ಹಿಡಿದು, ಬೀಸಿ ನೋಡಿ, ಬೇಕಾದ ಕಾವು ಹಾಕಿಸಿಕೊಂಡು ಒಯ್ಯುವ ಒಂದು ಅಂಗಳ ಈ ಎರಡರಲ್ಲಿ ಯಾವುದರಲ್ಲಾದರೂ ತೆರೆಯಲಿ. ಸಂಶೋಧನಾ ಸಂಸ್ಥೆಗಳ ಸಲಕರಣೆಗಳು ಗಾಜಿನ ಕಪಾಟಿನಿಂದ ಅಲ್ಲಿಗೆ ಬರಲಿ, ಹಳ್ಳಿಯ ಕಮ್ಮಾರರು ತಿದಿ ಸಮೇತ ಬರಲಿ. ಮಲೆಯ ಹಳ್ಳಿಗಳ ಮಹಿಳಾ ಸಂಘಗಳೂ ಮೈಸೂರಿನಲ್ಲಿ ಓದುತ್ತಿರುವ ವಿದ್ಯಾರ್ಥಿಗಳೂ ಈ ಬೇಡಿಕೆಯನ್ನು ಬರೆದು ಜಿಲ್ಲಾಡಳಿತಕ್ಕೆ ಒಪ್ಪಿಸುವುದು ಕಷ್ಟದ ಕೆಲಸವಲ್ಲ. ಅಲ್ಲಿಯವರೆಗೆ ಗುಲಾಬಿ ಪೆಟ್ಟಿಗೆ ಅಂಗಡಿಯಲ್ಲಿಯೇ ಉಳಿಯಲಿ.